ಕಾಜಿರಂಗ: ನೆರೆಯೇ ಕಾಯ್ದ ನಾಡು

ಪ್ರತಿವರ್ಷ ಜುಲೈ ತಿಂಗಳು ಬಂತೆಂದರೆ ಅಸ್ಸಾಮಿನ ಕಾಜಿರಂಗದಿಂದ ಒಂದೇ ಬಗೆಯ ಚಿತ್ರಗಳು ಪತ್ರಿಕೆಗಳಿಗೆ ಬರುತ್ತವೆ. ಕುತ್ತಿಗೆಮಟ್ಟದ ನೀರಿನಲ್ಲಿ ನಿಂತ ಘೇಂಡಾಮೃಗ, ಅಂಗಳದಷ್ಟಗಲದ ದಿಬ್ಬವೊಂದರ ಮೇಲೆ ಒತ್ತೊತ್ತಾಗಿ ನಿಂತ ಜಿಂಕೆಗಳ ಹಿಂಡು, ದೋಣಿಯಲ್ಲಿ ಮರಿಯೊಂದನ್ನು ತಬ್ಬಿ ಹಿಡಿದ ಅರಣ್ಯ ರಕ್ಷಕ. 2019ರ ಜುಲೈನಲ್ಲಂತೂ ಇನ್ನೂ ವಿಚಿತ್ರವಾದ ಚಿತ್ರವೊಂದು ಬಂತು. ನೆರೆಯಿಂದ ತಪ್ಪಿಸಿಕೊಂಡು ಹೊರಟ ಹೆಣ್ಣು ಹುಲಿಯೊಂದು ಹೆದ್ದಾರಿಯ ಪಕ್ಕದ ಮನೆಗೆ ನುಗ್ಗಿ, ಅಲ್ಲಿದ್ದ ಹಾಸಿಗೆಯ ಮೇಲೆ ಮಲಗಿ ಹಗಲೆಲ್ಲ ನಿದ್ದೆ ಮಾಡಿತ್ತು.

ಇವನ್ನೆಲ್ಲ ನೋಡಿದ ಓದುಗರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ವರ್ಷವರ್ಷವೂ ಮುಳುಗುವ ನೆಲದಲ್ಲಿ ಈ ಪ್ರಾಣಿಗಳನ್ನು ಇಟ್ಟಿರುವುದಾದರೂ ಏಕೆ? ಬ್ರಹ್ಮಪುತ್ರಕ್ಕೆ ಗಟ್ಟಿಯಾದ ಏರಿ ಕಟ್ಟಿ ನೀರನ್ನು ಹೊರಗೇ ತಡೆಯಬಾರದೇ?

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಉತ್ತರ ಹುಡುಕುತ್ತ ಹೋದರೆ ಕಾಜಿರಂಗದ ಚರಿತ್ರೆಯೇ ಬೇರೆ ಮಾತು ಹೇಳುತ್ತದೆ. ಘೇಂಡಾಮೃಗಕ್ಕೆ ಈ ನೆಲ ಉಳಿದದ್ದೇ ನೆರೆಯ ದೆಸೆಯಿಂದ. ಇಂದು ಅಲ್ಲಿ ಆಗುತ್ತಿರುವ ಸಾವುನೋವಿನಲ್ಲಿ ಹೊಳೆಯ ಪಾಲು ಎಷ್ಟಿದೆಯೋ, ನೂರೆಂಬತ್ತು ವರ್ಷಗಳಿಂದ ಮನುಷ್ಯ ಆ ನೆಲದ ಮೇಲೆ ಎಳೆದ ಗೆರೆಗಳ ಪಾಲೂ ಅಷ್ಟೇ ಇದೆ.

ಹೊಳೆ ಬರೆದು ಅಳಿಸುವ ನೆಲ

ಕಾಜಿರಂಗ ಇರುವುದು ಬ್ರಹ್ಮಪುತ್ರದ ದಕ್ಷಿಣ ದಂಡೆಯಲ್ಲಿ. ಉತ್ತರಕ್ಕೆ ಹೊಳೆ, ದಕ್ಷಿಣಕ್ಕೆ ಹಿಂದೆ ಮಿಕಿರ್ ಬೆಟ್ಟಗಳೆಂದು ಹೆಸರಾಗಿದ್ದ ಕಾರ್ಬಿ ಆಂಗ್‌ಲಾಂಗ್ ಬೆಟ್ಟಸಾಲು. ಇವೆರಡರ ನಡುವೆ ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಚಾಚಿಕೊಂಡ ತಗ್ಗು ಬಯಲೇ ನಾವು ಕಾಜಿರಂಗವೆನ್ನುವ ಪ್ರದೇಶ. ಭೂಗೋಳದ ಭಾಷೆಯಲ್ಲಿ ಇದು ನೆರೆಬಯಲು. ಮಳೆಗಾಲದಲ್ಲಿ ದಡ ಮೀರಿದ ಹೊಳೆ ಹರಡಿಕೊಳ್ಳಲು ತಾನೇ ಹಾಸಿಕೊಂಡ ಅಂಗಳ.

ಬ್ರಹ್ಮಪುತ್ರ ನೀರನ್ನಷ್ಟೇ ತರುವ ನದಿಯಲ್ಲ. ಹಿಮಾಲಯದಿಂದ ಅದು ಹೊತ್ತು ತರುವ ಮೆಕ್ಕಲಿನ ಪ್ರಮಾಣದಲ್ಲಿ ಅದಕ್ಕೆ ಸಾಟಿಯಾಗುವ ನದಿಗಳು ಜಗತ್ತಿನಲ್ಲಿ ಕೆಲವೇ. ಆ ಮಣ್ಣನ್ನು ಒಂದು ಕಡೆ ಸುರಿದು ಹೊಸ ದಿನ್ನೆ ಕಟ್ಟುತ್ತದೆ, ಇನ್ನೊಂದು ಕಡೆ ಹಳೆಯ ದಂಡೆಯನ್ನು ಕೊರೆದು ನುಂಗುತ್ತದೆ. ಪಾತ್ರ ಬದಲಿಸಿದಾಗ ಬಿಟ್ಟುಹೋದ ಹಳೆಯ ಕವಲುಗಳೇ ಕೆರೆಗಳಾಗಿ ನಿಲ್ಲುತ್ತವೆ. ಇವಕ್ಕೆ ಅಸ್ಸಾಮಿನ ಜನ ಬೀಲ್ ಎನ್ನುತ್ತಾರೆ. ಕಾಜಿರಂಗದ ಒಳಗಿನ ಒಂದು ಹೊಳೆಯ ಹೆಸರೇ ಮೋರಾ ಡಿಫೊಲು, ಅಂದರೆ ಸತ್ತ ಡಿಫೊಲು. ಹೊಳೆಗಳೂ ಸಾಯುತ್ತವೆ, ಬೇರೆ ಕಡೆ ಹುಟ್ಟುತ್ತವೆ ಎಂಬುದನ್ನು ಆ ಜನ ಹೆಸರಿನಲ್ಲೇ ಇಟ್ಟುಕೊಂಡಿದ್ದಾರೆ.

ನೆರೆ ಇಳಿದ ಮೇಲೆ ಹೊಸ ಮರಳಿನ ಮೇಲೆ ಮೊದಲು ಕಾಲೂರುವುದು ಬಿಳಿ ತೆನೆಯ ಕಾಶ ಹುಲ್ಲು. ಅದರ ಬೇರುಗಳು ಮಣ್ಣನ್ನು ಹಿಡಿದುಕೊಂಡ ಮೇಲೆ ಆನೆ ನಿಂತರೂ ಕಾಣದಷ್ಟು ಎತ್ತರದ ಹುಲ್ಲುಗಳೂ ಲಾಳದ ಕಡ್ಡಿಯೂ ಬರುತ್ತವೆ. ಹಾಗೆಯೇ ಬಿಟ್ಟರೆ ಬೂರುಗದಂಥ ಮರಗಳು ತಲೆಯೆತ್ತುತ್ತವೆ. ಇನ್ನಷ್ಟು ಕಾಲ ಹೊಳೆ ಅತ್ತ ಸುಳಿಯದಿದ್ದರೆ ಹುಲ್ಲುಗಾವಲು ಹೋಗಿ ದಟ್ಟ ಕಾಡಾಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಎರಡು ಶಕ್ತಿಗಳು. ಮಳೆಗಾಲದ ನೀರು ಒಂದು, ಚಳಿಗಾಲದ ಕೊನೆಯಲ್ಲಿ ಒಣಹುಲ್ಲಿಗೆ ಅರಣ್ಯ ಇಲಾಖೆಯವರು ಲೆಕ್ಕಾಚಾರದಿಂದ ಹಚ್ಚುವ ಬೆಂಕಿ ಇನ್ನೊಂದು. ಸುಟ್ಟ ನೆಲದಿಂದ ಚಿಗುರುವ ಎಳೆಹುಲ್ಲೇ ಘೇಂಡಾಮೃಗಕ್ಕೂ ಜಿಂಕೆಗಳಿಗೂ ಬೇಸಿಗೆಯ ಮೇವು.

ನೀರು ಇನ್ನೂ ಕೆಲವು ಉಪಕಾರ ಮಾಡುತ್ತದೆ. ವರ್ಷವಿಡೀ ಬೀಲ್‌ಗಳ ಮೇಲೆ ಹಬ್ಬಿದ ಅಂತರಗಂಗೆ ಕಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ಹೊಳೆಯ ಮೀನುಗಳು ನೆರೆಯ ಜೊತೆ ಒಳಬಂದು, ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು ಮರಿಮಾಡುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಬಾತು, ಹೆಬ್ಬಾತುಗಳಿಂದ ಹಿಡಿದು ಕೊಕ್ಕರೆ, ಹೆಜ್ಜಾರ್ಲೆ, ಮೀನು ಹಿಡಿಯುವ ಹದ್ದುಗಳವರೆಗೆ ಎಲ್ಲಕ್ಕೂ ಈ ಬೀಲ್‌ಗಳೇ ಅನ್ನದ ತಟ್ಟೆ. ಹೊಸ ನೀರು ಬಾರದಿದ್ದರೆ ನಾಲ್ಕಾರು ವರ್ಷಗಳಲ್ಲಿ ಈ ತಟ್ಟೆ ಕಳೆ ತುಂಬಿ ಒಣಗುತ್ತದೆ.

ಇಲ್ಲಿಯ ಪ್ರಾಣಿಗಳ ಪಟ್ಟಿ ನೋಡಿದರೂ ಇದೇ ಗೊತ್ತಾಗುತ್ತದೆ. ಒಂಟಿ ಕೊಂಬಿನ ಘೇಂಡಾಮೃಗ, ಕಾಡಿನ ನೀರೆಮ್ಮೆ, ಜೌಗಿನ ಬಾರಾಸಿಂಗ, ಹುಲ್ಲಿನ ಸಂದಿಯಲ್ಲಿ ಹಂದಿಯಂತೆ ತಲೆತಗ್ಗಿಸಿ ನುಗ್ಗುವ ಹಂದಿಜಿಂಕೆ, ಎಲ್ಲವೂ ತೇವದ ಹುಲ್ಲುಗಾವಲಿನವು. ಇಲ್ಲಿ ಹೇಳಿದ ನೀರೆಮ್ಮೆಯೆಂದರೆ ನಮ್ಮ ಮಲೆನಾಡಿನ ಕಾಟಿಯಲ್ಲ. ನಮ್ಮ ಕೊಟ್ಟಿಗೆಯ ಎಮ್ಮೆಗಳ ಮೂಲಪುರುಷನಾದ ನಿಜವಾದ ಕಾಡಿನ ಎಮ್ಮೆ. ಜಗತ್ತಿನಲ್ಲಿ ಉಳಿದಿರುವ ಈ ಎಮ್ಮೆಗಳಲ್ಲಿ ಅತಿ ದೊಡ್ಡ ಪಾಲು ಇರುವುದು ಕಾಜಿರಂಗದಲ್ಲೇ.

ಯಾರಿಗೂ ಬೇಡವಾದ ನೆಲ

ಒಂದು ಕಾಲಕ್ಕೆ ಒಂಟಿ ಕೊಂಬಿನ ಘೇಂಡಾಮೃಗ ಸಿಂಧೂ ಬಯಲಿನಿಂದ ಬ್ರಹ್ಮಪುತ್ರದ ಬಯಲಿನವರೆಗೆ ಹರಡಿತ್ತು. ಸಿಂಧೂ ನಾಗರಿಕತೆಯ ಮುದ್ರೆಗಳ ಮೇಲೆ ಅದರ ಚಿತ್ರವಿದೆ. ಬಯಲುಗಳಲ್ಲಿ ಬೇಸಾಯ ಹಬ್ಬಿದಂತೆ ಅದು ಪೂರ್ವಕ್ಕೆ ಸರಿಯುತ್ತ ಹೋಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅದರ ದೊಡ್ಡ ಆಸರೆಯೆಂದರೆ ನೇಪಾಳದ ತೆರಾಯಿ, ಉತ್ತರ ಬಂಗಾಳ ಮತ್ತು ಅಸ್ಸಾಮಿನ ಹೊಳೆಬಯಲುಗಳು.

1826ರ ಯಾಂಡಬೂ ಒಪ್ಪಂದದಿಂದ ಅಸ್ಸಾಮು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಕೆಲವೇ ವರ್ಷಗಳಲ್ಲಿ ಅಲ್ಲಿ ಚಹಾ ಗಿಡ ಬೆಳೆಯುವುದು ಖಚಿತವಾಯಿತು. 1838ರಲ್ಲಿ ಸರ್ಕಾರ ಪಾಳುಭೂಮಿ ನಿಯಮಗಳನ್ನು ಹೊರಡಿಸಿತು, 1839ರಲ್ಲಿ ಅಸ್ಸಾಂ ಕಂಪನಿ ಸ್ಥಾಪನೆಯಾಯಿತು. ಬೇಸಾಯಕ್ಕೆ ಒಳಪಡದ ನೆಲವೆಲ್ಲ ಕಾಗದದ ಮೇಲೆ ಪಾಳು ಎನಿಸಿ, ಸುಲಭ ಷರತ್ತುಗಳ ಮೇಲೆ ತೋಟಗಾರರಿಗೆ ಸಿಗತೊಡಗಿತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಚಹಾ ಗಿಡಕ್ಕೆ ಮಳೆ ಬೇಕು, ಆದರೆ ಬೇರಿನ ಬಳಿ ನೀರು ನಿಲ್ಲಬಾರದು. ಆದ್ದರಿಂದ ತೋಟಗಾರರು ಆರಿಸಿಕೊಂಡದ್ದು ಬೆಟ್ಟದ ಬುಡದ, ನೆರೆ ಮುಟ್ಟದ ಎತ್ತರದ ನೆಲವನ್ನು. ಹೊಳೆಬಯಲಿನ ತಗ್ಗು ಯಾರಿಗೂ ಬೇಡವಾಯಿತು. ಅಲ್ಲಿ ಚಹಾ ಬದುಕುತ್ತಿರಲಿಲ್ಲ, ಭತ್ತ ಕೊಚ್ಚಿಹೋಗುತ್ತಿತ್ತು, ಮಲೇರಿಯಾ ಮತ್ತು ಕಾಲಾಅಜಾರ್ ಜ್ವರಗಳ ಭಯವಿತ್ತು. ಅಲ್ಲಿ ಬದುಕುವ ವಿದ್ಯೆ ಗೊತ್ತಿದ್ದವರು ದನ-ಎಮ್ಮೆ ಮೇಯಿಸುವವರು, ಮೀನು ಹಿಡಿಯುವವರು ಮತ್ತು ಕಂಬಗಳ ಮೇಲೆ ಎತ್ತರಕ್ಕೆ ಮನೆ ಕಟ್ಟಿಕೊಂಡು ಹೊಳೆಯ ಜೊತೆಗೇ ಬಾಳುವ ಮಿಸಿಂಗ್ ಜನ.

ನೇಗಿಲನ್ನೂ ಚಹಾ ತೋಟವನ್ನೂ ಹೊರಗೆ ನಿಲ್ಲಿಸಿದ ಕಾವಲುಗಾರ ನೆರೆ. ಆದರೆ ಆ ಕಾವಲುಗಾರನಿಗೆ ಬಂದೂಕನ್ನು ತಡೆಯುವ ಶಕ್ತಿ ಇರಲಿಲ್ಲ. ತೋಟದ ದೊರೆಗಳು, ಸೇನಾಧಿಕಾರಿಗಳು, ಸಂಸ್ಥಾನಿಕರು ಎಲ್ಲರಿಗೂ ಘೇಂಡಾಮೃಗ ಬೇಟೆಯ ಪ್ರತಿಷ್ಠೆಯ ಗುರುತಾಯಿತು. ಕೂಚ್ ಬಿಹಾರದ ಮಹಾರಾಜ ನೃಪೇಂದ್ರ ನಾರಾಯಣರು ಕೂಚ್ ಬಿಹಾರ, ದುವಾರ್ಸ್ ಮತ್ತು ಅಸ್ಸಾಮಿನಲ್ಲಿ ನಡೆಸಿದ ಮೂವತ್ತೇಳು ವರ್ಷಗಳ ಬೇಟೆಯ ಲೆಕ್ಕವನ್ನು 1908ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದರು. ಅದರಲ್ಲಿ ಸತ್ತ ಘೇಂಡಾಮೃಗಗಳ ಸಂಖ್ಯೆ 207. ಕೊಂಬಿಗೆ ಔಷಧಿಯ ಗುಣವಿದೆಯೆಂಬ ಹಳೆಯ ನಂಬಿಕೆಯಿಂದ ನಡೆಯುತ್ತಿದ್ದ ಕದ್ದ ಬೇಟೆ ಇದಕ್ಕೆ ಹೊರತು.

ಗೊರಸಿನ ಗುರುತು

ಕಾಜಿರಂಗದ ಆರಂಭದ ಬಗ್ಗೆ ಅಸ್ಸಾಮಿನಲ್ಲಿ ಎಲ್ಲರೂ ಹೇಳುವ ಕತೆಯೊಂದಿದೆ. ವೈಸರಾಯ್ ಲಾರ್ಡ್ ಕರ್ಜನ್ನರ ಪತ್ನಿ ಮೇರಿ ಕರ್ಜನ್ 1904ರ ಸುಮಾರಿಗೆ ಇಲ್ಲಿಗೆ ಬಂದರಂತೆ. ಅಸ್ಸಾಮಿನ ಪ್ರಸಿದ್ಧ ಘೇಂಡಾಮೃಗವನ್ನು ನೋಡಬೇಕೆಂದು ಎಷ್ಟು ಅಲೆದರೂ ಕೆಸರಿನಲ್ಲಿ ಮೂರು ಬೆರಳಿನ ಗೊರಸಿನ ಗುರುತಲ್ಲದೆ ಮತ್ತೇನೂ ಕಾಣಲಿಲ್ಲವಂತೆ. ಹಿಂದಿರುಗಿದ ಮೇಲೆ ಈ ಪ್ರಾಣಿಯನ್ನು ಉಳಿಸಲು ಏನಾದರೂ ಮಾಡಿರೆಂದು ಗಂಡನನ್ನು ಒತ್ತಾಯಿಸಿದರಂತೆ. ಕತೆಗೆ ಬಣ್ಣ ಸೇರಿರಬಹುದು. ಆಗ ಉಳಿದಿದ್ದವು ಹನ್ನೆರಡೇ ಎಂಬ ಜನಜನಿತ ಮಾತಿನಲ್ಲೂ ಉತ್ಪ್ರೇಕ್ಷೆ ಇರಬಹುದು. ಆದರೆ ಘೇಂಡಾಮೃಗ ಅಳಿವಿನ ಅಂಚಿಗೆ ಬಂದಿತ್ತೆಂಬುದೂ ಸರ್ಕಾರ ಎಚ್ಚೆತ್ತಿತೆಂಬುದೂ ದಾಖಲಾದ ಸಂಗತಿಗಳು.

1905ರ ಜೂನ್ 1ರಂದು ಸುಮಾರು 232 ಚದರ ಕಿಲೋಮೀಟರ್ ನೆಲವನ್ನು ಮೀಸಲು ಅರಣ್ಯವಾಗಿಸುವ ಪ್ರಸ್ತಾವದ ಅಧಿಸೂಚನೆ ಹೊರಬಿತ್ತು. 1908ರಲ್ಲಿ ಅದು ಮೀಸಲು ಅರಣ್ಯವಾಯಿತು. 1916ರಲ್ಲಿ ಬೇಟೆಗೆ ನಿಷಿದ್ಧವಾದ ಮೃಗಧಾಮವಾಯಿತು. ಮುಂದಿನ ಎರಡು ದಶಕ ಅದು ಹೊರಗಿನವರಿಗೆ ಮುಚ್ಚಿದ ಬಾಗಿಲು. 1930ರ ದಶಕದಲ್ಲಿ ಆ ಬಾಗಿಲು ತೆರೆಯಲು ಶ್ರಮಿಸಿದವರಲ್ಲಿ ಮಹೀಚಂದ್ರ ಮಿರಿ ಎಂಬ ಅರಣ್ಯಾಧಿಕಾರಿಯ ಹೆಸರನ್ನು ಅಸ್ಸಾಮಿನ ಜನ ಇಂದಿಗೂ ನೆನೆಯುತ್ತಾರೆ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಅವರು ಬಂದದ್ದು ಹೊಳೆಬಯಲಿನ ಮಿಸಿಂಗ್ ಸಮುದಾಯದಿಂದಲೇ. 1938ರಲ್ಲಿ ಕಾಜಿರಂಗ ಪ್ರವಾಸಿಗಳಿಗೆ ತೆರೆಯಿತು. ಚಹಾ ತೋಟದ ಅಧಿಕಾರಿಯಾಗಿದ್ದ ಇ.ಪಿ. ಜೀ ಅವರ ಛಾಯಾಚಿತ್ರಗಳೂ ಬರಹಗಳೂ ಅದನ್ನು ಹೊರಜಗತ್ತಿಗೆ ಪರಿಚಯಿಸಿದವು.

ಸ್ವಾತಂತ್ರ್ಯಾನಂತರ ಕಾನೂನಿನ ಬಲ ಹೆಚ್ಚುತ್ತ ಬಂತು. 1950ರಲ್ಲಿ ಮೃಗಧಾಮ ವನ್ಯಜೀವಿಧಾಮವೆನಿಸಿತು. 1954ರಲ್ಲಿ ಅಸ್ಸಾಂ ಸರ್ಕಾರ ಘೇಂಡಾಮೃಗದ ರಕ್ಷಣೆಗೆಂದೇ ಶಾಸನ ತಂದು ಕದ್ದ ಬೇಟೆಗೆ ಕಠಿಣ ಶಿಕ್ಷೆ ವಿಧಿಸಿತು. 1974ರಲ್ಲಿ ಸುಮಾರು 430 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. 1985ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ತಾಣವೆಂದು ಗುರುತಿಸಿತು. ಬಳಿಕ ಹುಲಿ ಸಂರಕ್ಷಿತ ಪ್ರದೇಶದ ಸ್ಥಾನವೂ ಸಿಕ್ಕಿತು.

ಫಲವಂತೂ ಕಣ್ಣಮುಂದಿದೆ. 1966ರ ಎಣಿಕೆಯಲ್ಲಿ 366 ಇದ್ದ ಘೇಂಡಾಮೃಗಗಳು 2022ರ ಎಣಿಕೆಯಲ್ಲಿ 2,613 ಆಗಿದ್ದವು. ಜಗತ್ತಿನಲ್ಲಿರುವ ಒಂಟಿ ಕೊಂಬಿನ ಘೇಂಡಾಮೃಗಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಈ ಒಂದೇ ಬಯಲಿನಲ್ಲಿವೆ. ಒಂದು ಪ್ರಾಣಿಯನ್ನು ಅಳಿವಿನ ಅಂಚಿನಿಂದ ಹಿಂದಕ್ಕೆ ಕರೆತಂದ ಇಂಥ ಉದಾಹರಣೆಗಳು ಹೆಚ್ಚಿಲ್ಲ.

ಅರ್ಧ ಮನೆ

ಇಷ್ಟಾದರೂ 1905ರಲ್ಲಿ ಎಳೆದ ಗೆರೆಯಲ್ಲಿ ಒಂದು ಕೊರತೆ ಉಳಿದೇ ಇತ್ತು. ಅಂದು ಉಳಿಸಿದ್ದು ಯಾರಿಗೂ ಬೇಡವಾಗಿದ್ದ ತಗ್ಗುನೆಲವನ್ನು. ಪ್ರಾಣಿಗಳ ಪಾಲಿಗೆ ಅದು ಮನೆಯ ಅರ್ಧ ಭಾಗ ಮಾತ್ರ. ಚಳಿಗಾಲ, ಬೇಸಿಗೆ ತಗ್ಗಿನಲ್ಲಿ, ಮಳೆಗಾಲದ ಕೆಲವು ವಾರ ಬೆಟ್ಟದಲ್ಲಿ ಎಂಬುದು ಅವುಗಳ ಪಂಚಾಂಗ. ಮಲೆನಾಡಿನಲ್ಲಿ ಮಳೆ ಜೋರಾದಾಗ ದನಗಳನ್ನು ಕೊಟ್ಟಿಗೆಗೆ ಹೊಡೆದಂತೆ, ನೀರು ಏರತೊಡಗಿದಾಗ ಆನೆ, ಜಿಂಕೆ, ಘೇಂಡಾಮೃಗಗಳೆಲ್ಲ ದಕ್ಷಿಣಕ್ಕೆ ನಡೆದು ಕಾರ್ಬಿ ಬೆಟ್ಟಗಳ ಆಸರೆ ಸೇರುತ್ತಿದ್ದವು. ನೀರು ಇಳಿದ ಮೇಲೆ ತಿರುಗಿ ಬರುತ್ತಿದ್ದವು.

ಆದರೆ ತಗ್ಗಿಗೂ ಬೆಟ್ಟಕ್ಕೂ ನಡುವಿನ ಎತ್ತರದ ಪಟ್ಟಿಯನ್ನು ಚಹಾ ತೋಟಗಳು ಮೊದಲೇ ಹಿಡಿದಿದ್ದವು. ಅದೇ ಪಟ್ಟಿಯ ಮೇಲೆ ಹೆದ್ದಾರಿ ಬಂತು. ಹಿಂದೆ 37ನೆಯ ಸಂಖ್ಯೆಯಿದ್ದು ಈಗ 715 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಅದು. ಹೆದ್ದಾರಿಯ ಬದಿಗೆ ಊರು, ಅಂಗಡಿ, ಪ್ರವಾಸಿಗಳ ಹೋಟೆಲು, ಕಲ್ಲುಗಣಿ ಒಂದೊಂದಾಗಿ ಬಂದವು. ಪಾನಬಾರಿ, ಹಲ್ದಿಬಾರಿ, ಕಾಂಚನಜುರಿ, ಅಮ್ಗುರಿ ಮುಂತಾದ ಕೆಲವು ಕಿರಿದಾದ ಓಣಿಗಳಷ್ಟೇ ಪ್ರಾಣಿಗಳಿಗೆ ಉಳಿದವು. ನೀರು ಏರಿದ ರಾತ್ರಿ ಸಾವಿರಾರು ಪ್ರಾಣಿಗಳು ಈ ಓಣಿಗಳಲ್ಲಿ ಹೆದ್ದಾರಿ ದಾಟಬೇಕು. ಎದುರಿಗೆ ಲಾರಿಗಳ ಕಣ್ಣುಕೋರೈಸುವ ದೀಪ, ಹಿಂದೆ ನೀರು.

ಹೊಳೆಯೂ ಮೊದಲಿನ ಹೊಳೆಯಾಗಿ ಉಳಿದಿಲ್ಲ. 1950ರ ಆಗಸ್ಟ್ 15ರಂದು ಅಸ್ಸಾಮನ್ನು ನಡುಗಿಸಿದ ಭೂಕಂಪ ಭಾರತದ ದಾಖಲೆಯಲ್ಲಿರುವ ಅತಿ ಪ್ರಬಲ ಭೂಕಂಪಗಳಲ್ಲೊಂದು. ಬೆಟ್ಟಗಳು ಕುಸಿದು ಹೊಳೆಗೆ ಸೇರಿದ ಮಣ್ಣು ಮೇಲಣ ಅಸ್ಸಾಮಿನಲ್ಲಿ ಬ್ರಹ್ಮಪುತ್ರದ ತಳವನ್ನೇ ಎತ್ತರಿಸಿತು. ತಳ ಎದ್ದ ಹೊಳೆ ಅಗಲವಾಯಿತು, ದಂಡೆ ಕೊರೆಯುವ ರಭಸ ಹೆಚ್ಚಿತು. ಆ ಬಳಿಕ ಊರು-ಗದ್ದೆಗಳ ರಕ್ಷಣೆಗೆ ಹೊಳೆಯ ಉದ್ದಕ್ಕೂ ಏರಿಗಳು ಎದ್ದವು. ಒಂದು ಕಡೆ ಏರಿ ಕಟ್ಟಿದರೆ ನೀರು ಮಾಯವಾಗುವುದಿಲ್ಲ, ಏರಿಯಿಲ್ಲದ ಕಡೆಗೆ ಹೋಗುತ್ತದೆ. ಏರಿ ಒಡೆದಾಗಲಂತೂ ನಿಧಾನವಾಗಿ ಏರಬೇಕಾದ ನೀರು ಗೋಡೆಯಂತೆ ನುಗ್ಗುತ್ತದೆ. ಮೆಲ್ಲನೆ ಏರುವ ನೀರಿನಿಂದ ನಡೆದು ಪಾರಾಗಬಲ್ಲ ಹಂದಿಜಿಂಕೆ, ನುಗ್ಗುವ ನೀರಿಗೆ ಸಿಕ್ಕಿ ಸಾಯುತ್ತದೆ. ಪ್ರತಿ ನೆರೆಯಲ್ಲೂ ಅತಿ ಹೆಚ್ಚು ಸಾಯುವುದು ಈ ಪುಟ್ಟ ಜಿಂಕೆಯೇ.

1988ರ ಮಹಾನೆರೆಯಲ್ಲಿ ಸುಮಾರು 1,200 ಪ್ರಾಣಿಗಳು ಸತ್ತವು. 1998ರಲ್ಲಿ 600ಕ್ಕೂ ಹೆಚ್ಚು. 2017ರಲ್ಲಿ ಮತ್ತೆ 300ಕ್ಕೂ ಹೆಚ್ಚು. ಇವುಗಳಲ್ಲಿ ಕೆಲವು ನೀರಿಗಲ್ಲ, ಹೆದ್ದಾರಿಯ ವಾಹನಗಳಿಗೆ ಬಲಿಯಾದವು.

ದಿಬ್ಬ, ದೋಣಿ, ಬಂದೂಕು

ನೆರೆಯ ಕಾಲದಲ್ಲಿ ಕಾಜಿರಂಗದ ಅರಣ್ಯ ಸಿಬ್ಬಂದಿಯ ಕೆಲಸ ಹಗಲಿರುಳಿನದು. ಅವರ ಶಿಬಿರಗಳೇ ನೀರಿನಲ್ಲಿ ನಿಂತಿರುತ್ತವೆ. 1988ರ ಅನಾಹುತದ ನಂತರ ಉದ್ಯಾನದ ಒಳಗೆ ಮಣ್ಣಿನ ಕೃತಕ ದಿಬ್ಬಗಳನ್ನು ಎಬ್ಬಿಸಲಾಯಿತು. ಅಂಥವು ಈಗ ನೂರಕ್ಕೂ ಹೆಚ್ಚಿವೆ. 2017ರ ನೆರೆಯ ಆಸುಪಾಸಿನಲ್ಲಿ ಇನ್ನೂ ದೊಡ್ಡ, ಎತ್ತರದ ದಿಬ್ಬಗಳು ಸೇರಿದವು. ಹೆದ್ದಾರಿಯಲ್ಲಿ ನೆರೆಯ ದಿನಗಳಂದು ಗಂಟೆಗೆ 40 ಕಿಲೋಮೀಟರ್ ವೇಗದ ಮಿತಿಯಿದೆ. ಲಾರಿ, ಬಸ್ಸುಗಳಿಗೆ ಒಂದು ತುದಿಯಲ್ಲಿ ಗಂಟೆ ಬರೆದ ಚೀಟಿ ಕೊಟ್ಟು, ಇನ್ನೊಂದು ತುದಿಯಲ್ಲಿ ಪರೀಕ್ಷಿಸುತ್ತಾರೆ. ಬೇಗ ತಲುಪಿದವನಿಗೆ ದಂಡ.

2002ರಲ್ಲಿ ಉದ್ಯಾನದ ಬಳಿ ಆರಂಭವಾದ ವನ್ಯಜೀವಿ ಚಿಕಿತ್ಸಾ ಕೇಂದ್ರ ತಾಯಿಯಿಂದ ಬೇರೆಯಾದ ಮರಿಗಳನ್ನು ನೀರಿನಿಂದ ಎತ್ತಿ ತಂದು ಬಾಟಲಿ ಹಾಲು ಕುಡಿಸಿ ಸಾಕುತ್ತದೆ. ಹಾಗೆ ಬೆಳೆದ ಘೇಂಡಾಮೃಗಗಳನ್ನು 2006ರಿಂದ ಪಶ್ಚಿಮ ಅಸ್ಸಾಮಿನ ಮಾನಸ್ ಉದ್ಯಾನಕ್ಕೆ ಒಯ್ದು ಬಿಡಲಾಯಿತು. ಎಂಬತ್ತು, ತೊಂಬತ್ತರ ದಶಕದ ಗಲಭೆಯ ವರ್ಷಗಳಲ್ಲಿ ಮಾನಸ್‌ನ ಘೇಂಡಾಮೃಗಗಳು ಕೊಂಬಿನಾಸೆಗೆ ನಿರ್ನಾಮವಾಗಿದ್ದವು. ನೆರೆಯಲ್ಲಿ ಅನಾಥವಾದ ಮರಿಗಳು ಹಾಳುಬಿದ್ದ ಇನ್ನೊಂದು ಕಾಡಿನಲ್ಲಿ ಮತ್ತೆ ಸಂಸಾರ ಹೂಡಲು ನೆರವಾದವು.

ಕೊಂಬಿನಾಸೆಯ ಬೇಟೆ ಕಾಜಿರಂಗವನ್ನೂ ಬಿಟ್ಟಿರಲಿಲ್ಲ. ನೆರೆಯಲ್ಲಿ ದಿಬ್ಬ ಹತ್ತಿ ಬೆಟ್ಟದತ್ತ ಹೊರಟ ಘೇಂಡಾಮೃಗ ಬೇಟೆಗಾರನಿಗೆ ಸುಲಭದ ಗುರಿ. 2013 ಮತ್ತು 2014ರಲ್ಲಿ ಇಲ್ಲಿ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಘೇಂಡಾಮೃಗಗಳ ಕೊಲೆಯಾಯಿತು. ಕಾವಲು ಬಿಗಿಯಾಯಿತು. 2021ರ ಸೆಪ್ಟೆಂಬರ್ 22ರಂದು, ವಿಶ್ವ ಘೇಂಡಾಮೃಗ ದಿನ, ಸರ್ಕಾರಿ ಖಜಾನೆಗಳಲ್ಲಿ ದಶಕಗಳಿಂದ ಕೂಡಿಟ್ಟಿದ್ದ 2,479 ಕೊಂಬುಗಳನ್ನು ಬೋಕಾಖಾತ್ ಪಟ್ಟಣದಲ್ಲಿ ಬಹಿರಂಗವಾಗಿ ಸುಡಲಾಯಿತು. ಕೊಂಬಿಗೆ ಬೆಲೆಯಿಲ್ಲ ಎಂದು ಸಾರುವುದು ಅದರ ಉದ್ದೇಶ. 2022ರಲ್ಲಿ ಇಡೀ ಅಸ್ಸಾಮಿನಲ್ಲಿ ಒಂದೂ ಘೇಂಡಾಮೃಗ ಬೇಟೆಗೆ ಬಲಿಯಾಗಲಿಲ್ಲ.

ಈ ಯಶಸ್ಸಿಗೆ ತೆತ್ತ ಬೆಲೆಯನ್ನು ಮರೆಯಬಾರದು. ಅರಣ್ಯ ರಕ್ಷಕರಿಗೆ ಗುಂಡು ಹಾರಿಸಲು 2010ರಲ್ಲಿ ದೊರೆತ ಕಾನೂನಿನ ರಕ್ಷಣೆ, ಅದರ ಕೆಳಗೆ ನಡೆದ ಸಾವುಗಳು ದೇಶವಿದೇಶಗಳಲ್ಲಿ ಟೀಕೆಗೆ ಗುರಿಯಾದವು. 2016ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟಿನ ಆದೇಶದಂತೆ ಉದ್ಯಾನದ ಅಂಚಿನ ಕೆಲವು ಹಳ್ಳಿಗಳನ್ನು ತೆರವು ಮಾಡುವಾಗ ಪೊಲೀಸರ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಹೊಳೆ ಕೊರೆದು ನೆಲ ಕಳೆದುಕೊಂಡವನು ಎಲ್ಲಿಗೆ ಹೋಗಬೇಕು? ಬ್ರಹ್ಮಪುತ್ರದ ಬಯಲಿನಲ್ಲಿ ಈ ಪ್ರಶ್ನೆ ಘೇಂಡಾಮೃಗಕ್ಕೂ ಒಂದೇ, ಬಡ ರೈತನಿಗೂ ಒಂದೇ. ಉದ್ಯಾನದ ಗೆರೆ ಹಿಗ್ಗಿದಾಗ ಅದರ ಭಾರ ಬೀಳುವುದು ಬಹುಮಟ್ಟಿಗೆ ತೋಟದ ಮಾಲೀಕನ ಮೇಲಲ್ಲ, ಹೋಟೆಲಿನವನ ಮೇಲಲ್ಲ, ಇಂಥವನ ಮೇಲೆ.

ಗೆರೆ ಮೀರಿದ ರಕ್ಷಣೆ

ಹೊಳೆಯ ಜೊತೆ ವ್ಯವಹರಿಸುವಾಗ ಗೆರೆಯ ನಂಬಿಕೆ ಸಡಿಲಬೇಕೆಂಬ ತಿಳಿವಳಿಕೆ ನಿಧಾನವಾಗಿ ಬಂತು. ದಕ್ಷಿಣ ದಂಡೆಯನ್ನು ಹೊಳೆ ಕೊರೆಯುತ್ತ ಹೋದಾಗ ಉದ್ಯಾನಕ್ಕೆ ಒಂದೊಂದಾಗಿ ಹೊಸ ಭಾಗಗಳನ್ನು ಸೇರಿಸಲಾಯಿತು. ಅವುಗಳಲ್ಲಿ ಅತಿ ದೊಡ್ಡದು ಆರನೆಯ ಸೇರ್ಪಡೆ. ಸುಮಾರು 376 ಚದರ ಕಿಲೋಮೀಟರಿನ ಇದು 1999ರಲ್ಲಿ ಅಂತಿಮಗೊಂಡಿತು. ಇದರಲ್ಲಿ ಹೆಚ್ಚಿನದು ಗಟ್ಟಿ ನೆಲವಲ್ಲ. ಹೊಳೆಯ ಪಾತ್ರ, ಅದರೊಳಗೆ ಏಳುವ ಮುಳುಗುವ ಮರಳದಿಬ್ಬ, ನಡುಗಡ್ಡೆಗಳು. ಹೊಳೆ ಎಲ್ಲಿ ಮಣ್ಣು ಸುರಿದರೂ ಆ ಮಣ್ಣು ಉದ್ಯಾನದ ಒಳಗೇ ಇರಲಿ ಎಂಬುದು ಇದರ ಹಿಂದಿನ ಯೋಚನೆ. ಕಾಜಿರಂಗದ ಚರಿತ್ರೆಯಲ್ಲಿ ಹರಿಯುವ ಹೊಳೆಯೇ ರಕ್ಷಣೆಗೆ ಯೋಗ್ಯವೆಂದು ಒಪ್ಪಿಕೊಂಡ ದೊಡ್ಡ ಹೆಜ್ಜೆ ಇದು.

ಮನೆಯ ಇನ್ನರ್ಧವಾದ ಬೆಟ್ಟದ ಕಡೆಗೆ ಕಾನೂನು ತಿರುಗಿ ನೋಡಿದ್ದು ಇನ್ನೂ ತಡವಾಗಿ. ಪೂರ್ವ ದಿಕ್ಕಿನ ಆನೆಗಳ ದಾರಿಗೆ ಅಡ್ಡವಾಗಿ ತೈಲಶುದ್ಧೀಕರಣ ಕೇಂದ್ರವೊಂದು ಕಟ್ಟಿದ್ದ ಆವರಣ ಗೋಡೆಯನ್ನು ಕೆಡವಬೇಕೆಂದು ರಾಷ್ಟ್ರೀಯ ಹಸಿರು ಪೀಠ 2016ರಲ್ಲಿ ಆದೇಶಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ, ಕಾರ್ಬಿ ಬೆಟ್ಟಗಳಿಂದ ಕಾಜಿರಂಗಕ್ಕೆ ನೀರು ಇಳಿಯುವ ಪ್ರದೇಶದಲ್ಲಿ ಗಣಿಗಾರಿಕೆಯನ್ನೂ ಒಂಬತ್ತು ಪ್ರಾಣಿ ಓಣಿಗಳಲ್ಲಿ ಹೊಸ ಕಟ್ಟಡಗಳನ್ನೂ ನಿಷೇಧಿಸಿತು. 2025ರಲ್ಲಿ ಕೇಂದ್ರ ಸಂಪುಟ ಹೆದ್ದಾರಿಯ ಅಗಲೀಕರಣಕ್ಕೆ ಒಪ್ಪಿಗೆ ಕೊಟ್ಟಾಗ, ಕಾಜಿರಂಗದ ಬಳಿ ಸುಮಾರು 34 ಕಿಲೋಮೀಟರ್ ಉದ್ದದ ದಾರಿಯನ್ನು ಕಂಬಗಳ ಮೇಲೆ ಎತ್ತರಿಸುವ ಯೋಜನೆಯೂ ಅದರಲ್ಲಿ ಸೇರಿತ್ತು. ವಾಹನ ಮೇಲೆ, ಪ್ರಾಣಿ ಕೆಳಗೆ. ಮಿಸಿಂಗ್ ಜನ ತಮ್ಮ ಮನೆಗಳಿಗೆ ಎಂದಿನಿಂದಲೋ ಮಾಡಿಕೊಂಡು ಬಂದ ಉಪಾಯವನ್ನು ಇಂಜಿನಿಯರುಗಳು ರಸ್ತೆಗೆ ಹಾಕಲು ಹೊರಟರು. ಕಟ್ಟುವ ವರ್ಷಗಳಲ್ಲಿ ಯಂತ್ರಗಳ ಗದ್ದಲದ ನಡುವೆ ಪ್ರಾಣಿಗಳಿಗೆ ದಾರಿ ಬಿಟ್ಟುಕೊಡುವುದೇ ಇದರ ಮೊದಲ ಪರೀಕ್ಷೆ.

ಕೃತಕ ದಿಬ್ಬಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವು ನೂರಾರು ಜೀವ ಉಳಿಸಿವೆ, ನಿಜ. ಆದರೆ ದಿಬ್ಬದ ಮೇಲೆ ಮೇವು ನಾಲ್ಕು ದಿನಕ್ಕೆ ಸಾಕು, ವಾರಗಟ್ಟಲೆ ನಿಂತ ನೆರೆಗೆ ಸಾಲದು. ಬಯಲಿನ ತುಂಬ ದಿಬ್ಬಗಳನ್ನೂ ಅವಕ್ಕೆ ರಸ್ತೆಗಳನ್ನೂ ಹಾಕುತ್ತ ಹೋದರೆ ನೀರಿನ ಸಹಜ ದಾರಿಗೇ ಅಡ್ಡಿಯಾಗಬಹುದು. ದಿಬ್ಬ ಕೊಡೆಯಿದ್ದಂತೆ, ಮನೆ ಬೆಟ್ಟದಲ್ಲಿದೆ.

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ನೀರನ್ನು ಹೊರಗೇ ತಡೆದರೆ ಏನಾದೀತು? ಕೆಲವು ವರ್ಷ ಪ್ರಾಣಿಗಳು ಸಾಯಲಾರವು. ಆಮೇಲೆ ಬೀಲ್‌ಗಳು ಹೂಳು, ಕಳೆ ತುಂಬಿ ಬತ್ತುತ್ತವೆ. ಮೀನು, ಹಕ್ಕಿ ಕಡಿಮೆಯಾಗುತ್ತವೆ. ಹುಲ್ಲುಗಾವಲಿನ ಮೇಲೆ ಮರವೂ ಮುಟ್ಟಿದರೆ ಮುನಿ ಜಾತಿಯ ಮುಳ್ಳುಬಳ್ಳಿಗಳೂ ಹಬ್ಬುತ್ತವೆ. ಚಹಾ ತೋಟಗಳಿಂದ ಬಂದ ಈ ಬಳ್ಳಿ ಈಗಲೇ ಉದ್ಯಾನಕ್ಕೆ ತಲೆನೋವಾಗಿದೆ. ಒಂದೆರಡು ತಲೆಮಾರಿನೊಳಗೆ ಘೇಂಡಾಮೃಗಕ್ಕೆ ಮೇಯಲು ಬಯಲೇ ಇರುವುದಿಲ್ಲ. ನೆಲ ಒಣಗಿದ ಮೇಲೆ ನೇಗಿಲು ಬರುವುದೂ ತಡವಾಗಲಾರದು.

ಕನ್ನಡದಲ್ಲಿ ನೆರೆ ಎಂಬ ಮಾತಿಗೆ ಪ್ರವಾಹವೆಂಬ ಅರ್ಥವೂ ಇದೆ, ಪಕ್ಕದ ಮನೆಯೆಂಬ ಅರ್ಥವೂ ಇದೆ. ಬ್ರಹ್ಮಪುತ್ರ ಕಾಜಿರಂಗಕ್ಕೆ ಎರಡೂ ಹೌದು. ವರ್ಷಕ್ಕೊಮ್ಮೆ ಬಾಗಿಲು ತಟ್ಟುವ ನೆರೆಮನೆಯವನು ಬಂದಾಗ ಒಂದಿಷ್ಟು ಸರಿದು ಕೂರಲು ಜಾಗ ಬೇಕು. ಆ ಜಾಗವನ್ನು ತೋಟ, ರಸ್ತೆ, ಹೋಟೆಲುಗಳಿಗೆ ಬರೆದುಕೊಟ್ಟವರು ನಾವು.

2019ರ ಜುಲೈನ ಆ ಹುಲಿಯ ಕತೆ ಹೇಗೆ ಮುಗಿಯಿತೆಂದು ಓದುಗರಿಗೆ ಕುತೂಹಲವಿರಬಹುದು. ಅರಣ್ಯ ಸಿಬ್ಬಂದಿ ಅದಕ್ಕೆ ಅರಿವಳಿಕೆಯ ಸೂಜಿ ಹೊಡೆಯಲಿಲ್ಲ, ಬೋನಿಗೆ ಹಾಕಲಿಲ್ಲ. ಸಂಜೆಯವರೆಗೆ ಮಲಗಲು ಬಿಟ್ಟರು. ಆಮೇಲೆ ಹೆದ್ದಾರಿಯ ಎರಡೂ ಕಡೆ ವಾಹನಗಳನ್ನು ತಡೆದು ನಿಲ್ಲಿಸಿ, ಪಟಾಕಿ ಸಿಡಿಸಿ ಎಬ್ಬಿಸಿದರು. ಹುಲಿ ಎದ್ದು, ಖಾಲಿ ರಸ್ತೆಯನ್ನು ದಾಟಿ, ಕಾಡಿನ ದಾರಿ ಹಿಡಿಯಿತು.